ಎಡಕ್ಕೆ ಎಳೆಯುವ ಲಾರಿ

ಹೆತ್ತವರು ಇಟ್ಟ ಹೆಸರು ಕಾಗದಪತ್ರಗಳಿಗಷ್ಟೇ ಉಳಿದಿತ್ತು. ಮಿಕ್ಕವರಿಗೆಲ್ಲ ಅವನು ಕಣ್ಣಳತೆ ಮೇಸ್ತ್ರಿ. ಯಂತ್ರಗಳನ್ನು ತುಂಬಿ ಕಳಿಸುವ ಮರದ ಪೆಟ್ಟಿಗೆಗಳ ಶೆಡ್ಡಿನಲ್ಲಿ ಇಪ್ಪತ್ತೆಂಟು ವರ್ಷ ಹಲಗೆ ಸೀಳಿದವನು, ಒಂದು ದಿನವೂ ಪೆನ್ಸಿಲ್ ಗೆರೆ ಎಳೆದವನಲ್ಲ. ಒಮ್ಮೆ ದಿಟ್ಟಿಸಿ ನೋಡಿ ಹಲಗೆಯನ್ನು ಗರಗಸಕ್ಕೆ ನೂಕಿದನೆಂದರೆ ಮುಗಿಯಿತು; ಅನುಮಾನಪಟ್ಟು ಟೇಪು ಹಿಡಿದವರೇ ಪೆಚ್ಚಾಗುತ್ತಿದ್ದರು. ಇದರಿಂದ ಅವನಿಗೆ ಒಂದಿಷ್ಟು ಕೊಬ್ಬೂ ಇತ್ತು, ಸುಳ್ಳೇಕೆ ಹೇಳಬೇಕು.

ಆರು ತಿಂಗಳ ಹಿಂದೆ ಮೊಳೆಯ ಚೂರೊಂದು ಸಿಡಿದು ಎಡಗಣ್ಣು ಹೋಯಿತು. ಯಜಮಾನ ಒಳ್ಳೆಯ ಮನುಷ್ಯ. "ಯಾವಾಗ ಕೆಲಸ ಮಾಡಬಲ್ಲೆ ಅನ್ಸುತ್ತೋ ಆವಾಗ ಬಾ. ಅದನ್ನ ನೀನೇ ಹೇಳ್ಬೇಕು" ಅಂದಿದ್ದ. ಕಷ್ಟ ಇದ್ದದ್ದು ಅಲ್ಲೇ. ಗರಗಸದ ಯಂತ್ರದ ಈಚೆ ಒಬ್ಬ ಹಲಗೆ ನೂಕಬೇಕು, ಆಚೆ ಇನ್ನೊಬ್ಬ ಎಳೆದುಕೊಳ್ಳಬೇಕು. ನೂಕುವವನ ಗುರಿ ಕೂದಲೆಳೆ ತಪ್ಪಿದರೂ ಹಲಗೆ ಜಗ್ಗುತ್ತದೆ, ಎಳೆಯುವವನ ಕೈ ಗರಗಸದ ಹಲ್ಲಿಗೆ ಸಿಗುತ್ತದೆ. ಅಷ್ಟೂ ವರ್ಷ ಆಚೆ ನಿಂತು ಎಳೆದವನು ಅವನ ಬಾಮೈದ, ಹೆಂಡತಿಯ ಒಬ್ಬನೇ ತಮ್ಮ.

ಹಾಗಾಗಿ ಮೇಸ್ತ್ರಿ ಯಾರಿಗೂ ಹೇಳದೆ ತನಗೆ ತಾನೇ ಒಂದು ಪರೀಕ್ಷೆ ಇಟ್ಟುಕೊಂಡ. ಹಳೆಯ ಪೆಟ್ಟಿಗೆಯ ತುಂಡುಗಳಲ್ಲಿ ಮೊಮ್ಮಗಳಿಗೊಂದು ಆಟದ ಲಾರಿ ಮಾಡುವುದು. ಎಂದಿನಂತೆ ಗೆರೆಯಿಲ್ಲದೆ, ಬರೀ ಕಣ್ಣಳತೆಯಲ್ಲಿ. ಅದು ನೆಟ್ಟಗೆ ಓಡಿದರೆ ಮತ್ತೆ ಗರಗಸದ ಮುಂದೆ ನಿಲ್ಲುವುದು.

ಮೂರು ದಿನ ಬಾಲ್ಕನಿಯಲ್ಲಿ ಕೂತ. ಮುರಿದ ಕುರ್ಚಿಯ ದುಂಡು ಕಾಲನ್ನು ಬಿಲ್ಲೆ ಬಿಲ್ಲೆಯಾಗಿ ಕೊಯ್ದು ಚಕ್ರ ಮಾಡಿದ. ಅಚ್ಚಿಗೆ ಎರಡು ಪೆನ್ಸಿಲ್ ಸಿಕ್ಕಿಸಿದ. "ಜನ್ಮದಲ್ಲಿ ಮೊದಲನೇ ಸಲ ಪೆನ್ಸಿಲ್ ಮುಟ್ಟಿದ್ರಿ" ಎಂದು ಹೆಂಡತಿ ಕಾಲೆಳೆದಳು. ಅಚ್ಚಿನ ತೂತು ಕೊರೆಯುವಾಗ ಮಾತ್ರ ಅವನು ಉಸಿರು ಬಿಗಿಹಿಡಿದಿದ್ದ.

ಭಾನುವಾರ ಮಧ್ಯಾಹ್ನ ಬಾಮೈದನೂ ಬಂದ. ಮೊಮ್ಮಗಳು ಮನೆಯ ಮುಂದಿನ ಉದ್ದನೆಯ ಓಣಿಯಲ್ಲಿ ಲಾರಿ ನೂಕಿದಳು. ಅದು ನಾಲ್ಕು ಮಾರು ಹೋಗಿ, ಮೆಲ್ಲಗೆ ಎಡಕ್ಕೆ ತಿರುಗಿ ಗೋಡೆಗೆ ಗುದ್ದಿತು. ಇನ್ನೊಮ್ಮೆ ನೂಕಿದಳು. ಮತ್ತೆ ಗೋಡೆ.

"ತಾತ, ನಿನ್ನ ಲಾರಿಗೆ ಗೋಡೆ ಅಂದ್ರೆ ಭಾರಿ ಇಷ್ಟ" ಎಂದಳು ಹುಡುಗಿ.

"ನೆಲ ಇಳಿಜಾರು ಕಣೇ" ಎಂದಳು ಅಜ್ಜಿ, ತಡಮಾಡದೆ.

"ಹೌದಕ್ಕ, ಈ ನೆಲವೇ ಸರಿಯಿಲ್ಲ" ಎಂದ ಬಾಮೈದ. "ಅದು ಬಿಡಿ ಭಾವ, ನಾಳೆಯಿಂದ ಬಂದ್ಬಿಡಿ. ನಿಮ್ಮಷ್ಟು ಚೆನ್ನಾಗಿ ಅಲ್ಲಿ ಯಾರು ನೂಕ್ತಾರೆ?"

ಕುಣಿಯಲಾರದವಳಿಗೆ ನೆಲ ಡೊಂಕು ಎಂಬ ಗಾದೆ ಮೇಸ್ತ್ರಿಗೆ ಗೊತ್ತಿಲ್ಲದ್ದೇನಲ್ಲ. ಆದರೂ ಆ ಕ್ಷಣ ಅದನ್ನು ಮರೆಯಲು ಅವನಿಗೆ ಬಹಳ ಆಸೆಯಾಯಿತು. ನೆಲದ್ದೇ ತಪ್ಪು ಎಂದುಬಿಟ್ಟರೆ ನಾಳೆ ಬೆಳಿಗ್ಗೆ ಡಬ್ಬಿ ಕಟ್ಟಿಸಿಕೊಂಡು ಹೊರಡಬಹುದಿತ್ತು.

ಅವನು ಎದ್ದು ಓಣಿಯ ಆ ತುದಿಗೆ ಹೋದ. ಮಂಡಿಯೂರಿ ಕೂತು ಲಾರಿಯನ್ನು ಈ ಕಡೆಗೆ ನೂಕಿದ. ನೆಲ ಇಳಿಜಾರಾಗಿದ್ದರೆ ಅದು ಮೊದಲಿನ ಗೋಡೆಗೇ ಬರಬೇಕಿತ್ತು. ಬರಲಿಲ್ಲ. ಮತ್ತೆ ತನ್ನ ಎಡಕ್ಕೇ ತಿರುಗಿ, ಎದುರು ಗೋಡೆಗೆ ಹೋಗಿ ನಿಂತಿತು. ಹೆಂಡತಿ ಒಲೆಯ ನೆಪ ಮಾಡಿ ಮೊಮ್ಮಗಳ ಕೈ ಹಿಡಿದು ಒಳಗೆ ಹೋದಳು.

ಮೇಸ್ತ್ರಿ ಹೊಸ್ತಿಲ ಮೇಲೆ ಬಾಮೈದನ ಪಕ್ಕ ಬಂದು ಕೂತ.

"ಗರಗಸ ಇನ್ನು ನಾನು ಮುಟ್ಟಲ್ಲ ಕಣೋ. ಹಲಗೆ ಉಜ್ಜೋ ಕಡೆ ಹಾಕಿ ಅಂತ ಯಜಮಾನರಿಗೆ ನಾಳೆ ಹೇಳ್ತೀನಿ."

ಹಾಗೆಲ್ಲ ಅನ್ನಬೇಡಿ ಎಂದು ಬಾಮೈದ ಹೇಳುತ್ತಾನೆ ಎಂದುಕೊಂಡಿದ್ದ. ಅವನು ಹೇಳಲಿಲ್ಲ. ದೊಡ್ಡದೊಂದು ಉಸಿರು ಬಿಟ್ಟ. ಮುಖದಲ್ಲಿ ದುಃಖಕ್ಕಿಂತ ಮೊದಲು ಕಂಡದ್ದು ನಿರಾಳ. ಮೇಸ್ತ್ರಿಗೆ ಅದು ಚುರ್ರೆಂದಿತು.

"ಎಷ್ಟು ದಿನದಿಂದ ಹೆದರ್ಕೊಂಡಿದ್ದೆ?"

"ನೀವು ಆಸ್ಪತ್ರೆಯಿಂದ ಬಂದಾಗಿನಿಂದ."

"ಮತ್ತೆ ಬನ್ನಿ ಬನ್ನಿ ಅಂತ ಕರೀತಿದ್ಯಲ್ಲೋ, ಮಂಕೇ?"

"ಬರಬೇಡಿ ಅನ್ನೋಕೆ ಬಾಯಿ ಬರ್ಲಿಲ್ಲ ಭಾವ" ಎಂದ ಬಾಮೈದ, ತಲೆ ತಗ್ಗಿಸಿಕೊಂಡು. "ನೀವು ನೂಕೋಕೆ ನಿಂತಿದ್ರೆ, ನಾನು ಆಚೆ ನಿಂತು ಎಳೀತಿದ್ದೆ."

ಮೇಸ್ತ್ರಿ ಬಾಮೈದನ ಎರಡೂ ಕೈಗಳನ್ನು ತನ್ನ ಕೈಯೊಳಗೆ ಹಿಡಿದುಕೊಂಡು ಕೂತ. ಒಳಗಿನಿಂದ ಹೆಂಡತಿ ಎರಡು ಸಲ ಊಟಕ್ಕೆ ಕರೆದರೂ ಬಿಡಲಿಲ್ಲ.