ಜೂನ್ ಒಂದರಂದು ಹುಟ್ಟಿದವರು

ನಿವೃತ್ತಿಗೆ ಇನ್ನೂ ನಾಲ್ಕು ವರ್ಷ ಬಾಕಿ ಇದ್ದಾಗಿನ ಮಾತು. ನಾನು ಆಗ ವಿಜಯಪುರ ಜಿಲ್ಲೆಯಲ್ಲಿ ಪ್ರೊಬೇಷನ್ ಅಧಿಕಾರಿ. ಪೊಲೀಸ್ ಪ್ರಕರಣದಲ್ಲಿ ಸಿಕ್ಕಿಬಿದ್ದ ಮಕ್ಕಳ ಮನೆ, ಓಣಿ, ಶಾಲೆಗಳನ್ನು ಸುತ್ತಿ ವಿಚಾರಿಸಿ ಬಾಲನ್ಯಾಯ ಮಂಡಳಿಗೆ ವರದಿ ಬರೆಯುವುದು ನನ್ನ ಕೆಲಸ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಲ್ಲ ಕಡೆಗೂ ಬಸ್ಸಿನಲ್ಲೇ ತಿರುಗಾಟ. ಇದರ ಜೊತೆಗೆ ತಿಂಗಳಿಗೊಮ್ಮೆ ಜೈಲಿಗೆ ಹೋಗಿ, ದೊಡ್ಡವರ ನಡುವೆ ಹದಿನೆಂಟು ತುಂಬದವರು ಯಾರಾದರೂ ಸೇರಿಕೊಂಡಿದ್ದಾರೆಯೇ ಎಂದು ನೋಡಿ ಬರುವ ಹೊಣೆಯೂ ನನ್ನ ತಲೆಯ ಮೇಲಿತ್ತು. ನೌಕರಿಯಲ್ಲಿ ನೂರಾರು ಮಕ್ಕಳನ್ನು ಕಂಡಿದ್ದೇನೆ, ಹೆಚ್ಚಿನವರ ಮುಖ ಮರೆತುಹೋಗಿದೆ. ಒಬ್ಬಳದು ಮಾತ್ರ ಮರೆಯುವುದಿಲ್ಲ, ಏಕೆಂದರೆ ಅವಳ ವಿಷಯದಲ್ಲಿ ನಾನು ತಪ್ಪು ಮಾಡಿದೆ.

ಇಂಥ ಮಕ್ಕಳ ಹೆಸರು ಬರೆಯಲು ಕಾನೂನು ಬಿಡುವುದಿಲ್ಲ, ಬಿಡಬಾರದು ಕೂಡ. ಇಲ್ಲಿ ಅವಳನ್ನು ನೀಲವ್ವ ಎನ್ನುತ್ತೇನೆ. ಉಳಿದವರ ಹೆಸರುಗಳನ್ನೂ ಬದಲಿಸಿದ್ದೇನೆ. ದೇವರ ಹಿಪ್ಪರಗಿಯ ಆಚೆ ಒಂದು ಹಳ್ಳಿ. ಎಳ್ಳಮಾವಾಸ್ಯೆಗೆ ಇನ್ನೂ ಎಂಟು ದಿನವಿತ್ತು. ಜೋಳದ ತೆನೆಯಲ್ಲಿ ಹಾಲುಗಾಳು ತುಂಬಿದರೆ ಹಕ್ಕಿಗಳ ಕಾಟ ತಡೆಯಲಾಗದು. ತಂದೆ ಕುರಿ ಹಿಂಡಿನೊಂದಿಗೆ ಮುದ್ದೇಬಿಹಾಳದ ಕಡೆ ಹೋಗಿದ್ದರಿಂದ, ಹೊಲದ ನಡುವಿನ ಅಟ್ಟದ ಮೇಲೆ ನಿಂತು ಕವಣೆ ಬೀಸಿ ಹಕ್ಕಿ ಓಡಿಸುವ ಕೆಲಸ ನೀಲವ್ವನಿಗೆ ಬಿದ್ದಿತ್ತು. ಆ ಬೆಳಿಗ್ಗೆ ಅವಳ ಕವಣೆಯ ಕಲ್ಲು ಪಕ್ಕದ ಹೊಲದ ಶರಣಪ್ಪನ ಬಲಗಣ್ಣಿಗೆ ಬಡಿಯಿತು. ಕಣ್ಣು ಹೋಯಿತು. ಎರಡು ಮನೆಗಳ ನಡುವೆ ಹೊಲದ ಬದುವಿನ ಜಗಳ ನಾಲ್ಕು ವರ್ಷದಿಂದ ಕುದಿಯುತ್ತಿತ್ತು. ಹಾಗಾಗಿ, ಬೇಕೆಂದೇ ಹೊಡೆದಳು ಎಂದು ದೂರು ಬಂತು, ಕೊಲೆಯತ್ನದ ಪ್ರಕರಣ ದಾಖಲಾಯಿತು. ಏಳನೆಯ ತರಗತಿಗೇ ಶಾಲೆ ಬಿಟ್ಟವಳು. ಶಾಲೆಯ ಪ್ರಮಾಣಪತ್ರದ ಪ್ರಕಾರ ಅವಳಿಗೆ ಹದಿನೆಂಟು ವರ್ಷ ಆರು ತಿಂಗಳು. ಅವಳನ್ನು ದೊಡ್ಡವರ ಜೈಲಿಗೆ ಕಳಿಸಿದರು.

ಅವಳು ಒಳಗೆ ಹೋದ ಐದನೆಯ ದಿನ ನನ್ನ ತಿಂಗಳ ಭೇಟಿ ಬಂತು. ಮಹಿಳಾ ವಿಭಾಗದ ಅಂಗಳದಲ್ಲಿ ಸಾಲಾಗಿ ನಿಂತ ಹೆಂಗಸರಲ್ಲಿ ನೀಲವ್ವನೇ ಎತ್ತರ. ನನಗೆ ಇಂಡಿಯ ಬಸ್ಸು ಹಿಡಿಯುವ ಅವಸರ.

"ವಯಸ್ಸೆಷ್ಟವಾ ನಿಂದು?" ಎಂದು ಕೇಳಿದೆ.

"ನನಗ ಗೊತ್ತಿಲ್ರಿ. ನಮ್ಮವ್ವಗ ಗೊತ್ತೈತ್ರಿ."

ಪ್ರಮಾಣಪತ್ರದ ನಕಲು ನೋಡಿದೆ. ಅವಳ ಎತ್ತರ ನೋಡಿದೆ. ಉದ್ದ ತೋಳು, ಅಗಲ ಭುಜ, ದುಡಿದ ಕೈ. ನನ್ನ ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ "ವಯಸ್ಕಳು" ಎಂದು ಬರೆದು ಬಸ್‌ಸ್ಟ್ಯಾಂಡಿಗೆ ಓಡಿದೆ. ಅವ್ವನಿಗೆ ಗೊತ್ತಿದೆ ಎಂದು ಹುಡುಗಿ ಬಾಯಿ ಬಿಟ್ಟು ಹೇಳಿದ್ದಳು. ಅವ್ವನನ್ನು ಕೇಳಬೇಕು ಎಂದು ನನಗೆ ಹೊಳೆಯಲೇ ಇಲ್ಲ.

ಅವ್ವ ತಾನಾಗಿಯೇ ಬಂದಳು, ನನ್ನ ಆ ಜೈಲು ಭೇಟಿಯಾಗಿ ಹದಿನೆಂಟು ದಿನ ಕಳೆದ ಮೇಲೆ. ಯಾರೋ ವಕೀಲರ ಗುಮಾಸ್ತೆ ನನ್ನ ಕಚೇರಿಯ ದಾರಿ ತೋರಿಸಿದ್ದನಂತೆ. ಸಿದ್ದವ್ವ ಎಂಬ ಆ ಹೆಂಗಸು ಮೆಟ್ಟಿಲ ಮೇಲೆ ಕೂತಿದ್ದವಳು ನನ್ನನ್ನು ಕಂಡು ಎದ್ದು ನಿಂತಳು. ಅಳಲಿಲ್ಲ, ಕಾಲಿಗೂ ಬೀಳಲಿಲ್ಲ. ಸಿಟ್ಟಿನಲ್ಲಿದ್ದಳು.

"ಅಕ್ಕಾರ, ಶಿವರಾತ್ರಿ ಮರುದಿನ ಹಡದೀನ್ರಿ ನಾ ಆಕಿನ್ನ. ಬರೂ ಶಿವರಾತ್ರಿಗೆ ಹದಿನೆಂಟು ತುಂಬತಾವ. ಹಡದಾಕಿಗೆ ಗೊತ್ತೋ, ನಿಮ್ಮ ಕಾಗದಕ್ಕ ಗೊತ್ತೋ?"

ಲೆಕ್ಕ ಹಾಕಿದೆ. ಅವಳ ಮಾತು ನಿಜವಾದರೆ ಕಲ್ಲು ಬಡಿದ ದಿನ ನೀಲವ್ವನಿಗೆ ಹದಿನೇಳು ವರ್ಷ ಹತ್ತು ತಿಂಗಳು. ಅಂದರೆ ಅವಳು ಕಾನೂನಿನ ಕಣ್ಣಿಗೆ ಮಗು. ಜೈಲಿನಲ್ಲಿ ಒಂದು ದಿನವೂ ಇರಬಾರದವಳು. ನನ್ನ ಪಟ್ಟಿ ತೆಗೆದು ನೋಡಿದೆ. ನನ್ನದೇ ಅಕ್ಷರ.

ಇಲ್ಲಿ ಕಾನೂನಿನ ಮಾತು ಸ್ವಲ್ಪ ಹೇಳಬೇಕು. ವಯಸ್ಸು ನಿರ್ಧರಿಸುವ ಕ್ರಮವನ್ನು ಬಾಲನ್ಯಾಯ ಕಾಯ್ದೆಯ 94ನೇ ಕಲಂ ಹೇಳುತ್ತದೆ. ಮೊದಲು ಶಾಲೆಯ ದಾಖಲೆ. ಅದಿಲ್ಲದಿದ್ದರೆ ಪಂಚಾಯತಿ ಅಥವಾ ಪುರಸಭೆಯ ಜನನ ಪ್ರಮಾಣಪತ್ರ. ಎರಡೂ ಇಲ್ಲದಿದ್ದರೆ ಮಾತ್ರ ಎಲುಬಿನ ವೈದ್ಯಕೀಯ ಪರೀಕ್ಷೆ. ತಾಯಿಯ ಮಾತಿಗೆ ಈ ಸಾಲಿನಲ್ಲಿ ಜಾಗವೇ ಇಲ್ಲ. ನೀಲವ್ವ ಮನೆಯಲ್ಲೇ ಹುಟ್ಟಿದವಳು, ಜನನ ನೋಂದಣಿ ಆಗಿರಲಿಲ್ಲ. ಶಾಲೆಯ ದಾಖಲೆ ಸುಳ್ಳು ಎಂದು ಅದನ್ನು ಬರೆದವರೇ ಹೇಳದ ಹೊರತು ನಮಗೆ ಬೇರೆ ದಾರಿ ಇರಲಿಲ್ಲ.

ಮರುದಿನ ಆ ಹಳ್ಳಿಯ ಶಾಲೆಗೆ ಹೋಗಿ ಪ್ರವೇಶದ ರಜಿಸ್ಟರ್ ತೆಗೆಸಿದೆ. ನೀಲವ್ವ ಸೇರಿದ ವರ್ಷದ ಪುಟದಲ್ಲಿ ಇಪ್ಪತ್ತೆರಡು ಮಕ್ಕಳು. ಹತ್ತೊಂಬತ್ತು ಮಕ್ಕಳು ಹುಟ್ಟಿದ್ದು ಶಾಲೆ ಶುರುವಾಗುವ ಜೂನ್ ಒಂದನೇ ತಾರೀಖು. ನಮ್ಮ ಕಡೆಯವರಿಗೆ ಇದೇನೂ ಹೊಸದಲ್ಲ, ನಮ್ಮ ಅಣ್ಣನೂ ಜೂನ್ ಒಂದರವನೇ. ನಕ್ಕು ಮರೆಯುವ ಸಂಗತಿ ಎಂದುಕೊಂಡು ಬೆಳೆದವಳು ನಾನು. ಆ ದಿನ ನಗು ಬರಲಿಲ್ಲ.

ಪುಟದ ಕೆಳಗೆ ಗುರುಪಾದಪ್ಪ ಮಾಸ್ತರರ ಸಹಿ ಇತ್ತು. ಅವರು ಮುಖ್ಯಗುರುಗಳಾಗಿ ನಿವೃತ್ತರಾಗಿ ಸಿಂದಗಿಯಲ್ಲಿ ಮನೆ ಮಾಡಿಕೊಂಡಿದ್ದರು. ಬಿಳಿ ಧೋತರ, ಇಸ್ತ್ರಿ ಮಾಡಿದ ಅಂಗಿ, ನೆಟ್ಟಗಿನ ಬೆನ್ನು. ಚಹಾ ತರಿಸಿದರು. ವಿಷಯ ಹೇಳಿದೊಡನೆ ನೀಲವ್ವ ಅವರಿಗೆ ನೆನಪಾದಳು.

"ಅಗದೀ ಉದ್ದನ್ನ ಕೈ ಇದ್ದುವ್ರಿ ಆಕಿವು. ಆಗೆಲ್ಲಾ ಕೈ ತಲಿ ಮ್ಯಾಲಿಂದ ಹಾಯ್ಸಿ ಆ ಕಡೆ ಕಿವಿ ಮುಟ್ಟು ಅಂತಿದ್ವಿ. ಮುಟ್ಟಿದ್ರ ಆರು ವರ್ಷ ಅಂತ ಲೆಕ್ಕ. ಆಕಿ ಸಣ್ಣಾಕಿನ ಇದ್ಲು, ಖರೆ. ಆದ್ರ ಮುಟ್ಟಿಬಿಟ್ಲು."

ಒಂದನೆಯ ತರಗತಿಗೆ ಐದು ವರ್ಷ ಹತ್ತು ತಿಂಗಳು ತುಂಬಿರಬೇಕು ಎಂಬ ನಿಯಮ. ನೀಲವ್ವನಿಗೆ ಆಗ ಐದು ದಾಟಿ ಮೂರೂವರೆ ತಿಂಗಳು ಅಷ್ಟೇ. "ಹೊರಗ ಬಿಟ್ಟಿದ್ರ ಕುರಿ ಹಿಂದ ಹೋಗತಿತ್ರಿ ಕೂಸು," ಎಂದರು ಮಾಸ್ತರರು. ಮತ್ತೆ, "ಖರೇ ಹೇಳಬೇಕಂದ್ರ, ಇನ್ನೊಬ್ಬ ಮಾಸ್ತರನ ಪೋಸ್ಟ್ ಉಳಿಸ್ಕೊಳ್ಳಾಕ ನನಗೂ ಹುಡುಗರು ಕಮ್ಮಿ ಬಿದ್ದಿದ್ರು," ಎಂದು ಸೇರಿಸಿದರು.

ಇದನ್ನೇ ಕೋರ್ಟಿನಲ್ಲಿ ಹೇಳಿ ಎಂದೆ. ಅವರು ಕಪ್ಪು ಕೆಳಗಿಟ್ಟರು.

"ನಾ ಬರಂಗಿಲ್ರಿ. ಆ ರಜಿಸ್ಟರ್ ಮ್ಯಾಲ ಎಷ್ಟು ಮಂದಿ ನೌಕರಿ ಹಿಡದಾರ ಗೊತ್ತೇನ್ರಿ ನಿಮಗ? ಪೊಲೀಸ್ ಆಗ್ಯಾರ, ನರ್ಸ್ ಆಗ್ಯಾರ. ಒಂದು ಸುಳ್ಳು ಅಂದ್ರ ಎಲ್ಲಾ ಸುಳ್ಳು ಅಂತಾರ. ಈ ವಯಸ್ಸಿನ್ಯಾಗ ನಾ ಕಟಕಟಿ ಹತ್ತಲೇನ್ರಿ?"

ನನಗೆ ಸಿಟ್ಟು ನೆತ್ತಿಗೇರಿತು. ಕಾಯ್ದೆ ಕಾನೂನು ಹೇಳಿ ಹೆದರಿಸೋಣವೆಂದು ಬಾಯಿ ತೆರೆದವಳು ಅಲ್ಲೇ ನಿಲ್ಲಿಸಿದೆ. ಯಾವ ಮುಖ ಇಟ್ಟುಕೊಂಡು ಹೆದರಿಸಲಿ? "ಮಾಸ್ತರ, ನೀವು ಆಕಿ ಕೈ ನೋಡಿ ಬರದ್ರಿ. ನಾ ಆಕಿ ಎತ್ತರ ನೋಡಿ ಬರದೆ. ನಾನೂ ಕೋರ್ಟಿನ್ಯಾಗ ಇದನ್ನ ಹೇಳಾಕಿ ಅದೇನಿ," ಎಂದೆ. ಅವರು, "ಜೇಲಿನ್ಯಾಗ ಏನ್ ಮಾಡಾಕತ್ಯಾಳ್ರಿ ಆಕಿ?" ಎಂದು ಕೇಳಿದರು. ರೊಟ್ಟಿ ಬಡಿಯುತ್ತಾಳೆ ಎಂದೆ. ಮಾಸ್ತರರು ಬರುತ್ತೇನೆ ಎಂದೂ ಹೇಳಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ.

ಉಚಿತ ಕಾನೂನು ನೆರವಿನ ವಕೀಲರು ವಯಸ್ಸಿನ ವಿಚಾರಣೆ ಕೋರಿ ಅರ್ಜಿ ಹಾಕಿದರು. ಅಷ್ಟರಲ್ಲಿ ಆ ಊರಿನ ಹಳೆಯ ಅಂಗನವಾಡಿ ಕಾರ್ಯಕರ್ತೆ ತಮ್ಮ ಟ್ರಂಕಿನಿಂದ ಮಕ್ಕಳ ತೂಕ ಬರೆಯುವ ಪುಸ್ತಕ ಹುಡುಕಿ ತಂದರು. ಇಲಿ ಕಡಿದ ಆ ಪುಸ್ತಕದಲ್ಲಿ ನೀಲವ್ವನ ಹುಟ್ಟಿದ ತಿಂಗಳು ಸಿದ್ದವ್ವ ಹೇಳಿದ್ದಕ್ಕೆ ಸರಿಯಾಗಿಯೇ ಇತ್ತು. ಆದರೆ ಶಾಲೆಯ ದಾಖಲೆ ನಿಂತಿರುವ ತನಕ ಆ ಪುಸ್ತಕಕ್ಕೆ ಬೆಲೆಯಿಲ್ಲ.

ವಿಚಾರಣೆಯ ದಿನ ನಾನು ಕೋರ್ಟು ತಲುಪುವ ಮೊದಲೇ ಮಾಸ್ತರರು ಬಂದು ಹೊರಗಿನ ಬೆಂಚಿನ ಮೇಲೆ ಕೂತಿದ್ದರು. ಹೆಸರು ಕರೆದೊಡನೆ ಕಟಕಟೆ ಹತ್ತಿ ಸಾಕ್ಷಿ ಹೇಳಿದರು. ಎದುರಿನ ವಕೀಲರು, "ಸರ್ಕಾರಿ ರಜಿಸ್ಟರಿನ್ಯಾಗ ಸುಳ್ಳು ತಾರೀಖು ಬರದೀರಿ ಅಂದಂಗಾತು," ಎಂದರು.

"ಹೌದ್ರಿ."

"ಈಕಿ ಒಬ್ಬಾಕಿಗೋ?"

"ಎಲ್ಲಾರಿಗೂರಿ. ಇಪ್ಪತ್ತೊಂದು ವರ್ಷ ಬರದೀನಿ."

ನಾನೂ ಸಾಕ್ಷಿ ಹೇಳಿದೆ, ನನ್ನ ಪಟ್ಟಿಯನ್ನು ಹಾಜರುಪಡಿಸಿದೆ. ಶಾಲೆಯ ದಾಖಲೆ ಬಿದ್ದುಹೋಯಿತು. ವೈದ್ಯಕೀಯ ಪರೀಕ್ಷೆ ಹದಿನೇಳರಿಂದ ಹತ್ತೊಂಬತ್ತು ಎಂದು ಹೇಳಿತು. ಸಂಶಯದ ಲಾಭ ಮಗುವಿಗೆ ಸಿಗಬೇಕೆಂಬ ಆಧಾರದ ಮೇಲೆ, ಅಂಗನವಾಡಿಯ ಪುಸ್ತಕವನ್ನೂ ನೋಡಿ, ಘಟನೆಯ ದಿನ ಅವಳಿಗೆ ಹದಿನೆಂಟು ತುಂಬಿರಲಿಲ್ಲ ಎಂದು ನ್ಯಾಯಾಲಯ ಆದೇಶಿಸಿತು. ಪ್ರಕರಣ ಬಾಲನ್ಯಾಯ ಮಂಡಳಿಗೆ ಹೋಯಿತು. ಅದು ಅವಳ ಜೈಲುವಾಸದ ನಲವತ್ತೊಂದನೆಯ ದಿನ.

ಹೊರಗೆ ಬರುವಾಗ ಶರಣಪ್ಪ ನನ್ನನ್ನು ತಡೆದ. ಕಣ್ಣಿನ ಮೇಲೆ ಇನ್ನೂ ಪಟ್ಟಿ ಇತ್ತು. "ಅಕಿಗೆ ಎರಡು ತಿಂಗಳು ಕಮ್ಮಿ ಬಿದ್ರ ನನ್ನ ಕಣ್ಣು ತಿರುಗಿ ಬರತೈತೇನ್ರಿ, ಅಕ್ಕಾರ?" ಎಂದು ಕೇಳಿದ. ಬೈಗುಳವಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನು ನಿಜಕ್ಕೂ ಕೇಳುತ್ತಿದ್ದ.

ಮಂಡಳಿಯ ಮುಂದೆ ನೀಲವ್ವ ಒಂದೇ ಮಾತು ಹೇಳಿದಳು: "ಹಕ್ಕಿಗೆ ಬೀಸಿದ್ನಿರಿ. ಜ್ವಾಳದಾಗ ಅವರು ಇದ್ದದ್ದು ನನಗ ಕಾಣಲಿಲ್ರಿ." ಮಂಡಳಿ ಅದನ್ನು ನಂಬಿತು. ಎಚ್ಚರಿಕೆ ನೀಡಿ, ಅವಳನ್ನು ತಾಯಿಯ ಸುಪರ್ದಿಗೆ ಕೊಟ್ಟು, ಒಂದು ವರ್ಷ ನನ್ನ ಮೇಲ್ವಿಚಾರಣೆಯಲ್ಲಿ ಇರಿಸಿತು. ಕಚೇರಿಯಲ್ಲಿ ಎಲ್ಲರೂ ನನ್ನನ್ನು ಹೊಗಳಿದರು. ಆ ಹೊಗಳಿಕೆ ಮೈಗೆ ಹತ್ತಲಿಲ್ಲ. ನಲವತ್ತೊಂದು ದಿನಗಳಲ್ಲಿ ಹದಿನೆಂಟು ದಿನ ನನ್ನ ಪೆನ್ನಿನಿಂದ ಆದವು.

ಆಮೇಲೆ ಎಂದೂ ಜೈಲಿನಲ್ಲಿ ನಾನು ಕಾಗದ ನೋಡಿ ಮುಂದೆ ಹೋಗಲಿಲ್ಲ. ಎಳೆಯ ಮುಖದವರಿರಲಿ, ಎತ್ತರದವರಿರಲಿ, ತಾಯಿಗೆ ಫೋನು ಮಾಡಿ ಕೇಳದೆ ಯಾರ ಹೆಸರಿನ ಮುಂದೆಯೂ ವಯಸ್ಸು ಬರೆಯಲಿಲ್ಲ. ಎಷ್ಟೋ ಬಸ್ಸುಗಳು ತಪ್ಪಿದವು. ತಪ್ಪನ್ನು ತಿದ್ದುವ ಆದೇಶ ಕೈಗೆ ಬಂದಾಗ ಕೆಲಸ ಮುಗಿಯಿತು ಎಂದು ನಾವು ಅಧಿಕಾರಿಗಳು ಕಡತ ಮುಚ್ಚುತ್ತೇವೆ. ಕಡತದ ಆಚೆ ಏನು ಉಳಿದಿದೆ ಎಂದು ಹೋಗಿ ನೋಡಬೇಕು. ನನಗೆ ಅದನ್ನು ಕಲಿಸಿದ್ದು ಮೇಲ್ವಿಚಾರಣೆಯ ಮೊದಲ ಭೇಟಿ.

ನಾನು ಹೋದಾಗ ಸಂಜೆ. ನೀಲವ್ವ ಒಲೆಯ ಮುಂದಿದ್ದಳು. ನನ್ನನ್ನು ಕಂಡು ಕೈ ತೊಳೆದುಕೊಂಡು ಬಂದು, ಕೇಳಿದ್ದಕ್ಕೆಲ್ಲ ತಲೆ ತಗ್ಗಿಸಿ ಉತ್ತರ ಕೊಟ್ಟಳು. ಮಾತಿನ ನಡುವೆ ಇದ್ದಕ್ಕಿದ್ದಂತೆ ಎದ್ದು ಹೋಗಿ ಗೋಡೆಗೆ ಬೆನ್ನು ಹಚ್ಚಿ ನೆಟ್ಟಗೆ ನಿಂತಳು. ಎರಡೂ ಕೈ ಮೈಗಂಟಿಸಿದ್ದಳು.

"ಕುಂದ್ರವಾ," ಎಂದೆ. ಕೂರಲಿಲ್ಲ.

"ಆರು ಹೊಡೀತಲ್ರಿ," ಎಂದಳು ಸಿದ್ದವ್ವ. "ಅಲ್ಲಿ ಸಂಜಿ ಆರಕ್ಕ ಮಂದೀನ್ನ ಎಣಸ್ತಿದ್ರಂತ. ಎಣಿಸೂ ತನಕ ಕುಂದ್ರಾಕ ಬಿಡ್ತಿದ್ದಿಲ್ಲಂತ. ಬೈದು ನೋಡಿದ್ನಿ, ಅತ್ತು ನೋಡಿದ್ನಿ, ಈಕಿ ಬಿಡಲಿಲ್ಲ."

ಹಾಗೆ ಹೇಳಿ ಸಿದ್ದವ್ವ ಎದ್ದು ಮಗಳ ಎದುರು ಹೋಗಿ ನಿಂತಳು. ಬೆರಳು ಅವಳ ಎದೆಗೆ ತಾಗಿಸಿ, "ಒಂದು" ಎಂದಳು.

ನೀಲವ್ವ ಕೂತಳು.