ಪ್ಯಾಚ್ ಹಿಡಿಯದ ಮೈ

ಹೆಬ್ಬಳ್ಳಿಯಿಂದ ತಂದ ಎತ್ತನ್ನು ಹುಬ್ಬಳ್ಳಿ ಸಂತೆಯಲ್ಲಿ ನಡೆಸಿ ತೋರಿಸುತ್ತಿದ್ದೆ. ನಾಲ್ಕು ಹೆಜ್ಜೆಗೆ ನನಗೆ ಉಸಿರು ಕಟ್ಟಿತು. ಎತ್ತು ನಿಂತಿತು, ನಾನು ಕುಸಿದು ಕುಳಿತೆ.

ಸಿಒಪಿಡಿ, ಉಸಿರಿನ ದಾರಿ ಕಿರಿದಾಗುವ ರೋಗ, ಅಂದರು ಕೇಶ್ವಾಪುರದ ಡಾಕ್ಟರು. ಕೆಟ್ಟ ಶ್ವಾಸಕೋಶ ಮೊದಲಿನಂತಾಗದು. ಉಳಿದದ್ದು ಬೇಕಾದರೆ ಬೀಡಿ ಬಿಡಬೇಕು.

ಬೀಡಿಯ ಹಂಬಲ ತಗ್ಗಿಸಲು ಚರ್ಮಕ್ಕೆ ಅಂಟಿಸುವ ನಿಕೋಟಿನ್ ಪ್ಯಾಚ್ ಕೊಟ್ಟರು. ನನ್ನ ಜೊತೆಗೇ ಸೇದುತ್ತಿದ್ದ ಹೆಂಡತಿಯ ತಮ್ಮ ಶಂಕ್ರಪ್ಪನನ್ನೂ ಎಳೆದುಕೊಂಡು ಹೋಗಿದ್ದೆ. ಇಬ್ಬರಿಗೂ ಒಂದೇ ಬಗೆಯ ಪ್ಯಾಚ್. ಅವನು ಹಚ್ಚಿಕೊಂಡು ಶೇಂಗಾ ತಿನ್ನುತ್ತ ಹಾಯಾಗಿ ತಿರುಗಾಡಿದ. ನಾನು ಹಚ್ಚಿಕೊಂಡೂ ಬೀಡಿಗಾಗಿ ಕಿಸೆ ತಡವುತ್ತಿದ್ದೆ. ಕೈ ನಡುಗುತ್ತಿತ್ತು.

ನಮ್ಮ ದಲ್ಲಾಳಿ ಕಸುಬಿನಲ್ಲಿ ದರವನ್ನು ಬಾಯಲ್ಲಿ ಹೇಳುವುದಿಲ್ಲ. ಟವೆಲ್ಲಿನ ಕೆಳಗೆ ಕೈ ಕೂಡಿಸಿ, ಬೆರಳು ಹಿಡಿದು ಹೇಳುತ್ತೇವೆ. ಬೆರಳು ಹೆಚ್ಚಿದಷ್ಟೂ ದರ ಹೆಚ್ಚು. ಆ ಕೈ ಹೊಟ್ಟೆಯೊಳಗಿನ ಗುಟ್ಟು ಬಿಡಬಾರದು.

“ಯಾಕ್ರಿ ಬಸಣ್ಣ, ಕೈ ನಡಗಾಕತ್ತೈತಿ? ಮಾರಾಕ ಅಷ್ಟ ಅವಸರ ಐತೇನ್ರಿ?” ಎಂದ ಗಿರಾಕಿ. ಒಂದು ಬೆರಳು ಕಡಿಮೆ ಹಿಡಿದ.

ಅಂದೇ ಬೀಡಿ ಹಚ್ಚಿದೆ.

“ನಿಮ್ಮ ಮನಸ್ಸ ಗಟ್ಟಿ ಇಲ್ಲ ಬಿಡ್ರಿ ಮಾವಾ,” ಎಂದ ಶಂಕ್ರಪ್ಪ. ಆ ಮಾತು ಚುಚ್ಚಿತು. ಬರಿಗೈಯಲ್ಲಿ ಈ ಸಂತೆಗೆ ಬಂದು ಮನೆ ಕಟ್ಟಿಸಿದವನಿಗೆ ಮನಸ್ಸಿನ ಪಾಠವೇ?

ಡಾಕ್ಟರ ಮುಂದೆ ಹೋಗಿ ಕುಳಿತೆ. “ಬೈಯೂದಿದ್ರ ಬೈರಿ. ಔಷಧ ಬದಲಿ ಮಾಡೂತನಕ ನಾ ಏಳಂಗಿಲ್ಲ.”

ಅವರು ಬೈಯಲಿಲ್ಲ. ಎದ್ದ ಕೂಡಲೇ ಬೀಡಿ ಬೇಕೇ, ಒಂದು ಸೇದಿದ ಮೇಲೆ ಎಷ್ಟು ಬೇಗ ಇನ್ನೊಂದು ಬೇಕು ಎಂದು ಕೇಳಿದರು. ನಿಕೋಟಿನ್ ಕರಗಿಸುವುದು ಲಿವರ್. ಕೆಲವರಲ್ಲಿ ಬೇಗ, ಕೆಲವರಲ್ಲಿ ನಿಧಾನ. ಖಚಿತವಾಗಿ ಹೇಳುವ ಟೆಸ್ಟ್ ಇಲ್ಲಿ ಸುಲಭಕ್ಕೆ ಆಗುವುದಿಲ್ಲ, ಆದರೆ ನಿಮ್ಮದು ಬೇಗ ಕರಗಿಸುವ ಮೈ ಇರಬಹುದು, ಅಂಥವರಿಗೆ ಪ್ಯಾಚ್ ಸಾಲದೆ ಹೋಗುತ್ತದೆ ಎಂದರು. ನಿಕೋಟಿನ್ ಇಲ್ಲದ ಬೇರೆ ಗುಳಿಗೆ ಬರೆದರು.

ಒಂದೇ ಮೇವು ತಿಂದ ಎರಡು ಎತ್ತು ಒಂದೇ ಸಮ ಮೈ ಹಿಡಿಯುವುದಿಲ್ಲ. ಸೊರಗಿದ ಎತ್ತಿಗೆ ಮನಸ್ಸು ಗಟ್ಟಿ ಇಲ್ಲ ಎಂದು ಯಾರಾದರೂ ಬೈಯುತ್ತಾರೆಯೇ? ಮೇವು ಬದಲಿಸುತ್ತಾರೆ. ಶಂಕ್ರಪ್ಪನಿಗೆ ಇದನ್ನೇ ಹೇಳಿದೆ. ತಿನ್ನುತ್ತಿದ್ದ ಶೇಂಗಾದಲ್ಲಿ ಒಂದು ಹಿಡಿ ನನ್ನ ಕೈಗೆ ಹಾಕಿದ.

ಗುಳಿಗೆಯೂ ಸುಲಭದ್ದಲ್ಲ. ಖಾಲಿ ಹೊಟ್ಟೆಗೆ ನುಂಗಿದರೆ ಓಕರಿಕೆ. ರಾತ್ರಿ ಚಿತ್ರವಿಚಿತ್ರ ಕನಸು, ಎತ್ತುಗಳೇ ದರ ಹೇಳಿದವು. ನಿಮಗೂ ಬರೆದುಕೊಟ್ಟರೆ ರೊಟ್ಟಿ ತಿಂದು ನುಂಗಿ. ಅದೂ ಹಿಡಿಸದಿದ್ದರೆ ನಿಮ್ಮನ್ನು ನೀವು ಬೈದುಕೊಳ್ಳಬೇಡಿ, ಡಾಕ್ಟರ ಜೊತೆ ಚೌಕಾಸಿ ಮಾಡಿ.

ಬೀಡಿ ಬಿಟ್ಟಿದ್ದೇನೆ. ಮೆಟ್ಟಿಲು ಹತ್ತಿದರೆ ಈಗಲೂ ಏದುಸಿರು. ಇಷ್ಟಾದರೂ ಉಳಿಯಿತಲ್ಲ.

ಮೊನ್ನೆ ಅದೇ ಗಿರಾಕಿ ಟವೆಲ್ಲಿನ ಕೆಳಗೆ ಕೈ ಹಿಡಿದ. ನಡುಗಲಿ ಎಂದು ಕಾದ. ನಾನೂ ಕಾದೆ.

ಕೊನೆಗೆ ಅವನೇ ಒಂದು ಬೆರಳು ಹೆಚ್ಚಿಗೆ ಹಿಡಿದ.