ಟೆಚಿಮಾನ್ ಬಸ್ಸಿನ ಮಂಡಿ ಓಸೊಫೊ

ಕುಮಾಸಿಯಿಂದ ಟೆಚಿಮಾನಿಗೆ ಓಡಾಡುವ ಬಸ್ಸುಗಳಲ್ಲಿ ಕೊಜೊ ಬರಿಮಾನ ದನಿ ಕೇಳದವರಿರಲಿಲ್ಲ. ಹೆಸರು ಬಲ್ಲವರು ಮಾತ್ರ ಕಡಿಮೆ. ಎಲ್ಲರ ಬಾಯಲ್ಲೂ ಅವನು ಓಸೊಫೊ, ಅಂದರೆ ಪಾದ್ರಿ. ಯಾವ ಚರ್ಚೂ ಅವನಿಗೆ ಆ ಪಟ್ಟ ಕಟ್ಟಿರಲಿಲ್ಲ. ಬಸ್ಸು ಹೊರಡುವ ಹೊತ್ತಿಗೆ ಎದ್ದು ನಿಂತು ಡ್ರೈವರನ ಕಣ್ಣಿಗೆ, ಬ್ರೇಕಿಗೆ, ಟೈರುಗಳಿಗೆ, ಎದುರಿಂದ ಬರುವ ಮರದ ದಿಮ್ಮಿಯ ಲಾರಿಗಳ ಬುದ್ಧಿಗೆ ದೇವರ ಕಾವಲು ಬೇಡುತ್ತಿದ್ದನಾದ್ದರಿಂದ ಜನ ತಾವೇ ಕೊಟ್ಟ ಹೆಸರು ಅದು. ಎಲ್ಲರಿಂದಲೂ "ಆಮೆನ್" ಅನ್ನಿಸಿ, ಆ ಆಮೆನ್ನಿನ ಬಿಸಿ ಆರುವುದರೊಳಗೆ ಹೆಗಲ ಚೀಲದಿಂದ ಒಂದು ಹಸಿರು ಡಬ್ಬಿ ಹೊರಗೆ ತೆಗೆಯುತ್ತಿದ್ದ.

"ಅಮ್ಮಂದಿರೇ, ಅಣ್ಣಂದಿರೇ, ಬೆಳಿಗ್ಗೆ ಎದ್ರೆ ಮಂಡಿ ಲಟಕ್ ಅನ್ನುತ್ತಾ? ಕೂತ್ರೆ ಏಳಕ್ಕಾಗಲ್ಲ, ಎದ್ರೆ ಕೂರಕ್ಕಾಗಲ್ಲ, ಅಲ್ವಾ? ಇದ್ರೊಳಗೆ ಶುಂಠಿ ಇದೆ, ಅರಿಶಿನ ಇದೆ, ಸೀಗಡಿ ಸಿಪ್ಪೆಯ ಸತ್ವ ಇದೆ. ಬೆಳಿಗ್ಗೆ ಒಂದು, ರಾತ್ರಿ ಒಂದು. ಆಮೇಲೆ ನೀವೇ ನನ್ನ ಹುಡುಕ್ಕೊಂಡು ಓಡಿ ಬರ್ತೀರ!"

ಹರೆಯದಲ್ಲಿ ಅವನು ಬಸ್ಸಿನಲ್ಲಿ ಬಾಚಣಿಗೆ ಮಾರಿದ್ದ. ಆಮೇಲೆ ಹಲ್ಲುಪುಡಿ, ಆಮೇಲೆ ಹುಳದ ಔಷಧಿ. ಯಾವುದೂ ಕೈಹಿಡಿಯಲಿಲ್ಲ. ಮಂಡಿಯ ಗುಳಿಗೆ ಬಂದ ಮೇಲೆ ಬದುಕಿಗೆ ಒಂದು ದಾರಿಯಾಯಿತು. ಗೆಣಸಿನ ಬುಟ್ಟಿ ಹೊತ್ತು ಸವೆದ ಕಾಲುಗಳು, ಕೋಕೋ ತೋಟದಲ್ಲಿ ಬಗ್ಗಿ ಬಗ್ಗಿ ಹಿಡಿದುಕೊಂಡ ಸೊಂಟಗಳು ಇಲ್ಲದ ಬಸ್ಸು ಆ ದಾರಿಯಲ್ಲಿ ಯಾವುದಿತ್ತು? ಇಬ್ಬರು ಹೆಣ್ಣುಮಕ್ಕಳು ಓದಿ ದಡ ಸೇರಿದ್ದು ಆ ಹಸಿರು ಡಬ್ಬಿಯಿಂದ, ಜೊತೆಗೆ ಹೆಂಡತಿ ಫ್ರೆಮಾ ಮನೆಯ ಮುಂದೆ ಒಲೆ ಹೂಡಿ ಕರಿಯುತ್ತಿದ್ದ ಬಾಳೆಕಾಯಿಯಿಂದ.

ಅರವತ್ತು ಹತ್ತಿರವಾದಾಗ ಕೊಜೊನ ಬಲಮಂಡಿಯೇ ಮುಷ್ಕರ ಹೂಡಿತು. ಓಲಾಡುವ ಬಸ್ಸಿನಲ್ಲಿ ಇಷ್ಟು ವರ್ಷ ನಿಂತದ್ದಕ್ಕೆ ಅದು ಲೆಕ್ಕ ಕೇಳುತ್ತಿರಬೇಕು. ತನ್ನದೇ ಡಬ್ಬಿಯ ಗುಳಿಗೆಗಳನ್ನು ಅವನು ಬಿಡದೆ ನುಂಗಿದ. ಕೆಲವು ಬೆಳಿಗ್ಗೆ ಹಗುರ ಅನ್ನಿಸುತ್ತಿತ್ತು, ಕೆಲವು ಬೆಳಿಗ್ಗೆ ಗೋಡೆ ಹಿಡಿದು ಬಚ್ಚಲಿಗೆ ಹೋಗಬೇಕಾಗುತ್ತಿತ್ತು.

"ನಿನ್ನ ಡಬ್ಬಿಗೇ ಕಾಲಿದ್ದಿದ್ರೆ ಓಡಿಹೋಗಿ ಡಾಕ್ಟ್ರನ್ನ ಕರ್ಕೊಂಡು ಬಂದಿರೋದು" ಅಂದಳು ಫ್ರೆಮಾ, ಬಾಳೆಕಾಯಿ ಮಗುಚುತ್ತಾ.

"ಮೆಲ್ಲಗೆ ಮಾತಾಡು ಮಾರಾಯ್ತಿ. ಗಿರಾಕಿ ಕಿವಿಗೆ ಬಿದ್ರೆ ನಮ್ಮ ಅನ್ನಕ್ಕೆ ಕಲ್ಲು."

"ಕಿವಿ ಯಾಕೆ, ಕಣ್ಣಿಲ್ವಾ ಅವ್ರಿಗೆ? ಮುದಿ ಬಾತುಕೋಳಿ ಥರಾ ನಡೀತೀಯ."

ಬಸ್ಸಿನೊಳಗೆ ಅವನು ಕುಂಟುವುದನ್ನು ಮರೆಸಲು ಒಂದು ಉಪಾಯ ಕಂಡುಕೊಂಡಿದ್ದ. ಮುಂದಿನ ಕಂಬಕ್ಕೆ ಬೆನ್ನು ಕೊಟ್ಟು, ಬಲಗಾಲನ್ನು ಸ್ವಲ್ಪ ಎತ್ತಿ ಹಿಡಿದು ಮಾತಾಡುವುದು. ಮುಖದಲ್ಲಿ ನಗು ಇದ್ದರೆ ಕಾಲನ್ನು ಯಾರು ನೋಡುತ್ತಾರೆ ಎಂಬ ಧೈರ್ಯ.

ಆದರೆ ಒಂದು ದಿನ ಒಬ್ಬಾಕೆ ನೋಡಿಬಿಟ್ಟಳು. ಟೆಚಿಮಾನ್ ಮಾರುಕಟ್ಟೆಯಲ್ಲಿ ಗೆಣಸಿನ ವ್ಯಾಪಾರ ಮಾಡುವ ಮಾಮೆ ದುಫಿಯೆ, ಎಪ್ಪತ್ತು ದಾಟಿದ ಹೆಂಗಸು. ಆಫಿನ್ಸೊ ಬಿಟ್ಟ ಮೇಲೆ ರಸ್ತೆ ಕೆಟ್ಟಿತ್ತು. ಬಸ್ಸು ಹಳ್ಳಕ್ಕೆ ಇಳಿದಾಗ ಕೊಜೊ "ಈ ಗುಳಿಗೆ ತಗೊಂಡವ್ರು ಜಿಂಕೆ ಥರಾ..." ಅನ್ನುತ್ತಿದ್ದವನು ಕಂಬವನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು "ಅಯ್ಯೋ!" ಅಂದ.

"ಓಸೊಫೊ" ಅಂದಳು ಮಾಮೆ ದುಫಿಯೆ ಇಡೀ ಬಸ್ಸಿಗೆ ಕೇಳುವಂತೆ, "ಜಿಂಕೆಗೆ ಕಂಬ ಯಾಕಪ್ಪಾ?"

ಬಸ್ಸು ಬಿದ್ದು ಬಿದ್ದು ನಕ್ಕಿತು. ಹಿಂದಿನ ಸೀಟಿನಲ್ಲಿ ಯಾರೋ ಜಿಂಕೆಯ ಹಾಗೆ ಕೂಗಿದರು. ಇಷ್ಟು ವರ್ಷದಲ್ಲಿ ಎಂಥ ಕುಹಕಕ್ಕೂ ಅವನ ನಾಲಿಗೆಯ ತುದಿಯಲ್ಲಿ ಉತ್ತರವಿರುತ್ತಿತ್ತು. ಅಂದು ಮಾತ್ರ ಅವನು ಬಗ್ಗಿ ಬಲಗಾಲನ್ನು ಹಿಡಿದುಕೊಂಡ. ಮಂಡಿ ಅಷ್ಟು ಉರಿಯುತ್ತಿತ್ತು.

"ನಂಗೂ ನೋವಿದೆ, ಮಾಮೆ" ಅಂದ. "ಗುಳಿಗೆ ತಗೋತೀನಿ. ಒಂದಿನ ಆಗುತ್ತೆ, ಒಂದಿನ ಆಗಲ್ಲ."

ಆ ಸಲ ಒಂದು ಡಬ್ಬಿಯೂ ಹೋಗಲಿಲ್ಲ. ಮಾಮೆ ದುಫಿಯೆ ಮಾತ್ರ ತನ್ನ ಬುಟ್ಟಿಯನ್ನು ಕಾಲಡಿಗೆ ಸರಿಸಿ ಸೀಟಿನಲ್ಲಿ ಜಾಗ ಮಾಡಿದಳು.

"ಕೂತ್ಕೋ. ನಿಂತು ನಿಂತು ಏನು ಸಾಧಿಸ್ತೀಯ? ನಾನೂ ನಿನ್ನ ಹತ್ರ ಮೂರು ಡಬ್ಬಿ ತಗೊಂಡೋಳೇ. ಈಗ ಬುಧವಾರ ಬುಧವಾರ ದೊಡ್ಡಾಸ್ಪತ್ರೆಗೆ ಹೋಗ್ತೀನಿ. ಅಲ್ಲೊಬ್ಳು ಸಿಸ್ಟರ್ ಇದಾಳೆ, ಮುದುಕರಿಗೆಲ್ಲ ಕಾಲು ಎತ್ತೋದು ಹೇಳ್ಕೊಡ್ತಾಳೆ."

"ಕಾಲು ಎತ್ತೋದನ್ನೂ ಹೇಳ್ಕೊಡ್ಬೇಕಾ, ಮಾಮೆ?"

"ನಿಂಗೆ ಬರುತ್ತಾ? ಎತ್ತು ನೋಡೋಣ."

ಅವನು ಎತ್ತಲು ಹೋಗಿ, ಅರ್ಧಕ್ಕೇ ಹಲ್ಲು ಕಚ್ಚಿ ಇಳಿಸಿದ.

ಮುಂದಿನ ಬುಧವಾರ ಕೊಜೊ ಟೋಪಿಯನ್ನು ಹುಬ್ಬಿನ ತನಕ ಎಳೆದುಕೊಂಡು ಆಸ್ಪತ್ರೆಯ ಹಿಂದಿನ ಜಗಲಿಗೆ ಹೋದ. ಟೋಪಿಯಿಂದ ಏನೂ ಪ್ರಯೋಜನವಾಗಲಿಲ್ಲ. ಬೆಂಚುಗಳ ಮೇಲೆ ಕೂತಿದ್ದವರಲ್ಲಿ ಅರ್ಧಕ್ಕರ್ಧ ಅವನ ಗಿರಾಕಿಗಳೇ.

"ಓಸೊಫೊ ಬಂದ! ಆಸ್ಪತ್ರೇಲೂ ಮಾರಕ್ಕೆ ಶುರು ಮಾಡ್ದ!"

"ಇವತ್ತು ನಾನು ಕೊಳ್ಳೋಕೆ ಬಂದಿರೋದು" ಅಂದ ಅವನು, ನಗುತ್ತಲೇ ಕೂತ.

ಸಿಸ್ಟರ್ ಚಿಕ್ಕ ವಯಸ್ಸಿನವಳು. ಅವನ ಮಂಡಿಯನ್ನು ಮಡಿಸಿ, ನೀಡಿ, ಒತ್ತಿ ನೋಡಿದಳು. ಆಮೇಲೆ ಚೀಲದಿಂದ ಇಣುಕುತ್ತಿದ್ದ ಡಬ್ಬಿಯನ್ನು ತಾನೇ ಎತ್ತಿಕೊಂಡು ಹಿಂದೆ ಬರೆದದ್ದನ್ನು ಓದಿದಳು. ಈಗ ಬೈಯುತ್ತಾಳೆ ಎಂದು ಅವನು ಮೈ ಬಿಗಿ ಮಾಡಿ ಕೂತ.

"ಇದೇನು ವಿಷ ಅಲ್ಲ, ಅಪ್ಪಾ. ಕೆಲವ್ರಿಗೆ ಒಂಚೂರು ಹಾಯೆನ್ನಿಸ್ಬಹುದು. ಎಷ್ಟೋ ಜನಕ್ಕೆ ಏನೂ ಆಗಲ್ಲ. ಸವೆದ ಮಂಡಿನ ಹೊಸದು ಮಾಡಲ್ಲ. ಆದ್ರೆ ರಕ್ತ ತೆಳುವಾಗೋ ಮಾತ್ರೆ ತಗೊಳ್ಳೋರು ಡಾಕ್ಟ್ರನ್ನ ಕೇಳ್ದೆ ಇದನ್ನ ಮುಟ್ಬಾರ್ದು. ಸೀಗಡಿ ತಿಂದ್ರೆ ಮೈ ದದ್ದು ಬರೋರು ದೂರ ಇರ್ಬೇಕು. ನೀವು ಬಸ್ಸಲ್ಲಿ ಇದನ್ನ ಹೇಳ್ತೀರಾ?"

ಕೊಜೊ ಹೇಳುತ್ತಿರಲಿಲ್ಲ. ಹಾಗೆಂದು ಒಪ್ಪಿಕೊಂಡ.

"ಇನ್ಮೇಲೆ ಹೇಳಿ. ನಿಮ್ಮ ಗಂಟಲು ನಂಗಿದ್ದಿದ್ರೆ ಈ ಜಗಲಿ ಸಾಲ್ತಿರ್ಲಿಲ್ಲ" ಅಂದು ಅವಳು ಮರಳು ತುಂಬಿದ ಪುಟ್ಟ ಚೀಲವೊಂದನ್ನು ಅವನ ಪಾದಕ್ಕೆ ಕಟ್ಟಿದಳು.

ಮೊದಮೊದಲು ಅದು ಶಿಕ್ಷೆಯೇ ಆಯಿತು. ತೊಡೆ ನಡುಗುತ್ತಿತ್ತು, ಬೆವರು ಇಳಿಯುತ್ತಿತ್ತು. ಮನೆಯಲ್ಲಿ ಕುರ್ಚಿಯ ಮೇಲೆ ಕೂತು ಕಾಲೆತ್ತಿದರೆ ಫ್ರೆಮಾ ಅಡುಗೆಯ ಸೌಟನ್ನು ಅವನ ಪಾದಕ್ಕಿಂತ ಒಂದು ಗೇಣು ಮೇಲೆ ಹಿಡಿದು "ಇದನ್ನ ಮುಟ್ಟು, ಆಮೇಲೆ ಫುಫು ಮುದ್ದೆ" ಅನ್ನುತ್ತಿದ್ದಳು. ಬಿಸಿ ಸಾರಿನ ವಾಸನೆಗೆ ಕಾಲು ತಾನಾಗಿ ಮೇಲೇರುತ್ತಿತ್ತು. ಮಳೆಗಾಲ ಮುಗಿಯುವ ಹೊತ್ತಿಗೆ ಅವನು ಬಸ್ಸಿನ ಮೆಟ್ಟಿಲನ್ನು ಕಂಬಿ ಹಿಡಿಯದೆ ಹತ್ತಿದ. ನೋವು ಪೂರ್ತಿ ಹೋಗಲಿಲ್ಲ. ಆದರೆ ಯಜಮಾನಿಕೆ ಬಿಟ್ಟು ಮೂಲೆಯಲ್ಲಿ ಕೂತ ನೆಂಟನಂತಾಯಿತು.

ಆ ದಿನಗಳಲ್ಲೇ ಒಮ್ಮೆ, ಅಬೊಫೂರ್ ದಾಟುವಾಗ, ಪ್ರಾರ್ಥನೆ ಮುಗಿದು ಡಬ್ಬಿ ಕೈಗೆ ಬಂದಿತ್ತು. ಸಿಸ್ಟರ್ ಹೇಳಿದ ಎಚ್ಚರಿಕೆಗಳನ್ನೆಲ್ಲ ಅವನು ಚಾಚೂ ತಪ್ಪದೆ ಹೇಳಿದ. ಕೊಳ್ಳಲು ಕೈಚಾಚಿದ್ದ ಒಬ್ಬ ಮುದುಕ ಕೈ ಹಿಂದೆಗೆದು, "ಹಂಗಾದ್ರೆ ನಂಗೆ ಬೇಡ. ಹೃದಯಕ್ಕೆ ಅಂತ ರಕ್ತ ತೆಳುವಾಗೋ ಮಾತ್ರೆ ತಗೋತೀನಿ. ಮತ್ತೆ ನನ್ನ ಮಂಡಿಗೇನು ಗತಿ?" ಅಂದ.

ಕೊಜೊ ಡಬ್ಬಿಯನ್ನು ಚೀಲಕ್ಕೆ ಹಾಕಿದ.

"ಅಜ್ಜಾ, ಸೀಟಿಗೆ ಒರಗಿ ಕೂತ್ಕೊಳ್ಳಿ. ಬಲಗಾಲು ನೇರ ಮಾಡಿ. ಮೇಲಕ್ಕೆ... ಹಾಗೇ ಹಿಡೀರಿ. ಎಲ್ರೂ ಮಾಡಿ, ಇದಕ್ಕೆ ಕಾಸಿಲ್ಲ!"

ಕಾಸಿಲ್ಲ ಎಂದ ಮೇಲೆ ಯಾರು ಬಿಡುತ್ತಾರೆ? ಇಡೀ ಬಸ್ಸಿನ ಬಲಗಾಲುಗಳು ಮೇಲೆದ್ದವು. ಚಪ್ಪಲಿಗಳು ಮುಂದಿನ ಸೀಟಿಗೆ ತಾಗಿದವು, ಒಬ್ಬಳ ಕಾಲಿಗೆ ಸಿಕ್ಕಿ ಪಕ್ಕದವಳ ಕೋಳಿ ಗಲಾಟೆ ಎಬ್ಬಿಸಿತು.

ಡ್ರೈವರ್ ಇಸಾಕು ಕನ್ನಡಿಯಲ್ಲಿ ನೋಡಿ ಕೂಗಿದ: "ಓಸೊಫೊ, ನಾನೂ ಎತ್ತಲಾ?"

"ಬೇಡಾ!" ಅಂದಿತು ಬಸ್ಸು ಒಂದೇ ಉಸಿರಿಗೆ. ಅಂದಿನ ಆಮೆನ್ನಿಗೂ ಅಷ್ಟು ಜೋರಿರಲಿಲ್ಲ.

ಅಂದಿನಿಂದ ಅದೇ ರೂಢಿಯಾಯಿತು. ಪ್ರಾರ್ಥನೆ, ಆಮೇಲೆ ಕಾಲು, ಕೊನೆಗೆ ಡಬ್ಬಿ. ಎಚ್ಚರಿಕೆಗಳನ್ನು ಕೇಳಿ ಡಬ್ಬಿ ವಾಪಸು ಕೊಡುವವರು ಹೆಚ್ಚಾದರು. "ನೀನು ಮಾರಕ್ಕೆ ಹೋಗ್ತೀಯೋ, ಮಾರದಿರಕ್ಕೆ ಹೋಗ್ತೀಯೋ?" ಎಂದು ಅವನಿಗೆ ಡಬ್ಬಿ ಒದಗಿಸುತ್ತಿದ್ದ ಸಗಟು ಅಂಗಡಿಯಾಕೆ ಗೊಣಗಿದಳು. ವ್ಯಾಪಾರ ಇಳಿದದ್ದು ನಿಜ. ಕೊಜೊ ಅದನ್ನು ಮನೆಯಲ್ಲಿ ಫ್ರೆಮಾಗೆ ಹೇಳಿದ. ಮರುದಿನ ಬೆಳಿಗ್ಗೆ ಅವನ ಚೀಲ ಎಂದಿಗಿಂತ ಉಬ್ಬಿತ್ತು. ಬಿಚ್ಚಿ ನೋಡಿದರೆ ಶುಂಠಿ ಮೆಣಸು ಹಚ್ಚಿ ಕರಿದ ಬಾಳೆಕಾಯಿಯ ಪೊಟ್ಟಣಗಳು.

"ಇದಕ್ಕೆ ಸುಳ್ಳೂ ಬೇಡ, ಎಚ್ಚರಿಕೆನೂ ಬೇಡ" ಅಂದಳು. "ಕಾಲೆತ್ತಿ ದಣಿದೋರಿಗೆ ಹಸಿವಾಗುತ್ತೆ."

ನ್ಕೆಂಕಾಸು ಮುಟ್ಟುವುದರೊಳಗೆ ಪೊಟ್ಟಣಗಳೆಲ್ಲ ಖಾಲಿಯಾದವು. ಸಂಜೆ ಅವನು ಹಗುರಾದ ಚೀಲ ಬೀಸಿಕೊಂಡು ಮನೆಗೆ ಬಂದ. ಒಲೆಯ ಪಕ್ಕದ ಮಣೆಯ ಮೇಲೆ ಮೆಲ್ಲಗೆ, ಒಂದು ಕೈ ಮಾತ್ರ ಊರಿ ಕೂತ. ಫ್ರೆಮಾ ಮೊರದ ತುಂಬ ಬಾಳೆಕಾಯಿಯನ್ನು ಅವನ ಮುಂದಕ್ಕೆ ತಳ್ಳಿದಳು. ನಾಳೆಗೆ ಇದರ ಎರಡರಷ್ಟು ಬೇಕು ಎಂದು ಹೇಳುತ್ತಾ ಅವನು ಸಿಪ್ಪೆ ಸುಲಿಯತೊಡಗಿದ.